ನೆಲ್ಲು ಯಾರದು?

ಈ ರಸ್ತೆಯನ್ನು ನಾನು ಪಾದದಿಂದ ಬಲ್ಲೆ. ಕಣ್ಣಿನಿಂದ ಬಲ್ಲವರು ಬೇಕಾದಷ್ಟು ಜನ ಇದ್ದಾರೆ. ಕಾರಿನ ಗಾಜು ಏರಿಸಿಕೊಂಡು ಹೋಗುವವರು, ಬಸ್ಸಿನ ಕಿಟಕಿಗೆ ತಲೆ ಆನಿಸಿ ನಿದ್ದೆ ಹೊಡೆಯುತ್ತಾ ಹೋಗುವವರು. ಅವರಿಗೆ ಇದು ರಾಷ್ಟ್ರೀಯ ಹೆದ್ದಾರಿ, ನೂರಾ ಐವತ್ತು ಎ. ಜೇವರ್ಗಿಯಲ್ಲಿ ಹೊರಟು ಸುರಪುರ, ಲಿಂಗಸುಗೂರು, ಮಸ್ಕಿ, ಸಿಂಧನೂರು ದಾಟಿ, ತುಂಗಭದ್ರೆಯ ಸೇತುವೆ ಹಾಯ್ದು ಸಿರುಗುಪ್ಪಕ್ಕೆ ಬರುತ್ತದೆ. ಅಲ್ಲಿಂದ ಬಳ್ಳಾರಿ, ಹಿರಿಯೂರು, ಮೈಸೂರು, ಕೊನೆಗೆ ಚಾಮರಾಜನಗರ. ರಾಜ್ಯದ ನೆತ್ತಿಯಿಂದ ಅಂಗಾಲಿನವರೆಗೆ ಒಂದೇ ರಸ್ತೆ ಎಂದು ನನ್ನ ಮಗಳು ಶಾಲೆಯ ನಕಾಶೆಯ ಮೇಲೆ ಬೆರಳಿಟ್ಟು ತೋರಿಸುತ್ತಾಳೆ. ಅವಳ ಬೆರಳು ಒಂದೇ ಉಸಿರಿಗೆ ಚಾಮರಾಜನಗರ ಮುಟ್ಟಿಬಿಡುತ್ತದೆ.

ನನಗೆ ಗೊತ್ತಿರುವುದು ಸಿರುಗುಪ್ಪ ಮತ್ತು ಬಳ್ಳಾರಿ ನಡುವಿನ ಒಂದು ತುಂಡು ಮಾತ್ರ. ಕುರುಗೋಡಿಗೆ ಹೊರಳುವ ಕ್ರಾಸಿನಿಂದ ನಮ್ಮ ಕೇರಿಯ ತನಕ. ಅದು ಎಲ್ಲಿ ಹೆಚ್ಚು ಸುಡುತ್ತದೆ, ಎಲ್ಲಿ ಡಾಂಬರು ಕಿತ್ತು ಜಲ್ಲಿ ಚುಚ್ಚುತ್ತದೆ ಎಂದು ನನ್ನ ಅಂಗಾಲಿಗೆ ಗೊತ್ತು. ಯಾಕೆಂದರೆ ನಾವು ಅದರ ಮೇಲೆ ನೆಲ್ಲು ಒಣಗಿಸುತ್ತೇವೆ. ಪುಸ್ತಕದಲ್ಲಿ ಭತ್ತ ಅನ್ನುತ್ತಾರೆ. ಬೆಳಿಗ್ಗೆ ಟ್ರ್ಯಾಕ್ಟರಿನಿಂದ ಹಸಿ ನೆಲ್ಲು ಸುರಿಯುತ್ತಾರೆ. ನಾವು ಹೆಂಗಸರು ಅದನ್ನು ರಸ್ತೆಯ ಅರ್ಧಕ್ಕೆ ಹರವುತ್ತೇವೆ. ಗಾಡಿಗಳು ಹತ್ತದಂತೆ ಅಂಚಿಗೆ ಕಲ್ಲು ಜೋಡಿಸುತ್ತೇವೆ. ಆಮೇಲೆ ಸಂಜೆಯವರೆಗೂ ಕಾಲಾಡಿಸುತ್ತೇವೆ. ಅಂದರೆ ಬರಿಗಾಲಲ್ಲಿ ನೆಲ್ಲಿನೊಳಗೆ ಹೆಜ್ಜೆ ಎತ್ತದೆ ನಡೆಯಬೇಕು. ಕೆಳಗಿನದು ಮೇಲೆ ಬರಬೇಕು, ಮೇಲಿನದು ಕೆಳಗೆ ಹೋಗಬೇಕು. ಚಪ್ಪಲಿ ಹಾಕಿದರೆ ಕಾಳು ಒಡೆದು ನುಚ್ಚಾಗುತ್ತದೆ ಎಂದು ಸಾಹುಕಾರರು ಬಿಡುವುದಿಲ್ಲ. ಪಾದ ಒಡೆದರೆ ಅವರಿಗೇನೂ ನಷ್ಟವಿಲ್ಲ.

ನಮ್ಮ ಅತ್ತೆ ಎರ್ರಮ್ಮ ಈ ಕೆಲಸದಲ್ಲಿ ಎಲ್ಲರಿಗಿಂತ ಹಳಬಳು. ಗಂಡ ಸತ್ತ ಮೇಲೆ ದುಡಿದೇ ನನ್ನ ಗಂಡ ರಾಮಾಂಜಿನಿಯನ್ನು ಬೆಳೆಸಿದವಳು. ಅವನೀಗ ಕುಡತಿನಿಯ ಕರೆಂಟಿನ ಕಾರ್ಖಾನೆಯಲ್ಲಿ ಕಂತ್ರಾಟಿನ ಮೇಲೆ ಬೂದಿ ಹೊರುತ್ತಾನೆ. ವಾರಕ್ಕೊಮ್ಮೆ ಮನೆಗೆ ಬಂದರೆ ಕೆಮ್ಮುವುದೇ ಮಾತು. ಮನೆಯಲ್ಲಿ ಉಳಿದವರು ಅತ್ತೆ, ನಾನು, ಮಗಳು.

ಈ ರಸ್ತೆ ಹಾಕಿದ್ದು ಯಾರು ಎಂದು ಕೇಳಿದರೆ ಜನ ಗುತ್ತಿಗೆದಾರನ ಹೆಸರು ಹೇಳುತ್ತಾರೆ. ಉದ್ಘಾಟನೆಯ ಕಲ್ಲಿನ ಮೇಲೆ ಯಾರದೋ ಹೆಸರಿದೆ. ನಮ್ಮತ್ತೆ ಬೇರೆಯೇ ಹೇಳುತ್ತಾಳೆ. ಅವಳ ಮುತ್ತಜ್ಜಿಯ ತಾಯಿ, ದೊಡ್ಡ ಬರದಲ್ಲಿ, ಒಂದು ಹೊತ್ತಿನ ಗಂಜಿಗೆ ಇಲ್ಲಿ ಕಲ್ಲು ಒಡೆದಳಂತೆ. ಮದ್ರಾಸಿನ ಸರ್ಕಾರದ ಕಾಲ ಅದು. ಒಡೆದ ಕಲ್ಲಿನ ಗುಡ್ಡೆಯ ಪಕ್ಕದಲ್ಲೇ ಆಕೆಯ ಒಂದು ಕೂಸು ಸತ್ತಿತಂತೆ. ಹೂಳಲು ದೂರ ಹೋಗುವ ಶಕ್ತಿ ಯಾರಿಗಿತ್ತು? ರಸ್ತೆಯ ಬದಿಗೇ ಮಣ್ಣು ಮಾಡಿದರು. ಆಮೇಲೆ ಗರಸು ಬಂತು, ಆಮೇಲೆ ಡಾಂಬರು. ನಮ್ಮ ಮಾವ ದುರುಗಪ್ಪ ರಸ್ತೆಯ ಗ್ಯಾಂಗಿನಲ್ಲಿದ್ದ. ಕುದಿಯುವ ಡಾಂಬರಿನ ಡಬ್ಬಿ ಹೊತ್ತು ಹೊತ್ತು ಅವನ ಎಡಗೈ ಚರ್ಮ ಹಾವಿನ ಪೊರೆಯ ಹಾಗೆ ಸುಲಿದಿರುತ್ತಿತ್ತು. ಉಣ್ಣುವ ಕೈ ಅದಲ್ಲವಲ್ಲ ಎಂಬುದಷ್ಟೇ ಅವನ ಸಮಾಧಾನ.

ಕೊನೆಗೆ ರಸ್ತೆಗೆ ನಂಬರು ಬಂತು, ಅಗಲ ಮಾಡುತ್ತೇವೆ ಎಂದರು. ಬೇವಿನ ಮರ, ಹುಣಸೆ ಮರ ಬಿದ್ದವು. ನಮ್ಮ ಕೇರಿಯ ಮುಂದಿನ ಸಾಲು ಮನೆಗಳೂ ಬಿದ್ದವು. ನಿಮಗೆ ಪಟ್ಟಾ ಇಲ್ಲ, ಪರಿಹಾರವೂ ಇಲ್ಲ ಎಂದರು. ರಸ್ತೆಯ ಆ ಬದಿಗೆ ಹೊಲ ಇದ್ದ ಸಾಹುಕಾರ ವೀರಭದ್ರಪ್ಪನಿಗೆ ಪರಿಹಾರ ಸಿಕ್ಕಿತು. ಅದರಲ್ಲಿ ಅವನು ನೆಲ್ಲು ಕೊಯ್ಯುವ ಮಷಿನ್ ತಂದ. ಮಷಿನ್ ಬಂದ ಮೇಲೆ ಕೊಯ್ಲಿಗೆ ನಮ್ಮನ್ನು ಕರೆಯುವವರಿಲ್ಲ. ನಮ್ಮ ಮನೆಯನ್ನು ರಸ್ತೆ ತಿಂದಿತು, ನಮ್ಮ ಕೂಲಿಯನ್ನು ಮಷಿನ್ ತಿಂದಿತು. ಆದರೆ ಮಷಿನ್ ಕೊಯ್ದ ನೆಲ್ಲು ಹಸಿ ಇರುತ್ತದೆ, ಒಣಗಿಸದಿದ್ದರೆ ಮಿಲ್ಲಿನವರು ತೆಗೆದುಕೊಳ್ಳುವುದಿಲ್ಲ. ಸಾಹುಕಾರನಿಗೆ ಕಣ ಇಲ್ಲವೆಂದಲ್ಲ. ಕಣಕ್ಕಿಂತ ಡಾಂಬರು ಜಲ್ದಿ ಕಾಯುತ್ತದೆ, ಸರ್ಕಾರದ್ದು, ಬಾಡಿಗೆ ಇಲ್ಲ. ಹಾಗಾಗಿ ನಮ್ಮ ಪಾದಕ್ಕೆ ಮತ್ತೆ ಕೆಲಸ ಸಿಕ್ಕಿತು.

ಹೆದ್ದಾರಿಯ ಮೇಲೆ ನೆಲ್ಲು ಹಾಕುವುದು ಕಾನೂನಿಗೆ ವಿರುದ್ಧ ಎಂದು ಎಲ್ಲರಿಗೂ ಗೊತ್ತು. ಗಸ್ತಿನ ಜೀಪು ಬರುತ್ತದೆ, ನಿಲ್ಲುತ್ತದೆ, "ಯಾರದು ನೆಲ್ಲು?" ಎಂದು ಕೇಳುತ್ತದೆ. ಅದಕ್ಕೆ ಏನು ಹೇಳಬೇಕು ಎಂದು ಸಾಹುಕಾರರು ನಮಗೆ ಮೊದಲ ವರ್ಷವೇ ಕಲಿಸಿದ್ದಾರೆ.

"ನಮ್ದ ರೀ ಸಾಹೇಬ್ರ. ಬಡವ್ರದ್ದು."

ಇಷ್ಟೇ. ಸೆರಗು ತಲೆಗೆ ಎಳೆದುಕೊಳ್ಳಬೇಕು, ಕೈ ಮುಗಿಯಬೇಕು, ಹೇಳಬೇಕು. ಬಡ ಹೆಂಗಸರು, ಪಾಪ, ಎಂದು ಜೀಪು ಮುಂದೆ ಹೋಗುತ್ತದೆ. ಸಾಹುಕಾರರ ಹೆಸರು ಬಂದರೆ ದಂಡ ಬೀಳುತ್ತದೆ. ಹೀಗೆ ವರ್ಷಕ್ಕೆರಡು ಸುಗ್ಗಿ ನಾವು ಮೈಲುಗಟ್ಟಲೆ ನೆಲ್ಲಿನ ಒಡತಿಯರಾಗುತ್ತಿದ್ದೆವು. ಜೀಪು ಕಣ್ಮರೆ ಆಗುವ ತನಕ. "ಏನ್ ಸಾವ್ಕಾರ್ತಿ, ಈ ಸಲ ಪೀಕು ಹೆಂಗೈತಿ?" ಎಂದು ಪಕ್ಕದ ಮನೆಯ ಹುಲುಗಮ್ಮ ನನ್ನನ್ನು ಛೇಡಿಸುತ್ತಿದ್ದಳು. ಸಂಜೆ ಮನೆಗೆ ಹೋಗಿ ಇಬ್ಬರೂ ರೇಷನ್ ಅಕ್ಕಿಯಲ್ಲಿ ಹುಳ ಆರಿಸುತ್ತಿದ್ದೆವು. ಸೋನಾ ಮಸೂರಿಯ ಅನ್ನ ಹೇಗಿರುತ್ತದೆ ಎಂದು ನಮ್ಮ ಪಾದಕ್ಕೆ ಗೊತ್ತು, ನಾಲಿಗೆಗೆ ಗೊತ್ತಿರಲಿಲ್ಲ.

ಆ ಡಿಸೆಂಬರಿನಲ್ಲಿ ವೀರಭದ್ರಪ್ಪನ ನೆಲ್ಲು ಬಂತು. ನಾವು ಹಾಕುತ್ತಿದ್ದ ನೆಟ್ಟನೆಯ ಜಾಗದಲ್ಲಿ ಬೇರೆಯವರ ನೆಲ್ಲು ಬಿದ್ದಿತ್ತು. ಟ್ರ್ಯಾಕ್ಟರು ಕ್ರಾಸಿನ ತಿರುವಿಗೆ ಹೋಗಿ ನಿಂತಿತು. ಸಾಹುಕಾರ ಬೈಕಿನ ಮೇಲೆ ಕೂತೇ ಇಲ್ಲೇ ಸುರೀರಿ ಎಂದ.

ಅತ್ತೆ ಹೇಳಿದಳು. "ಇಲ್ಲಿ ಬ್ಯಾಡ್ರಿ ಸಾವ್ಕಾರ್ರ. ತಿರುವು ಐತಿ. ಆ ಕಡಿಂದ ಬರೋರಿಗೆ ನೆಲ್ಲು ಕಾಣಂಗಿಲ್ಲ. ಯಾರರ ಬಿದ್ದಾರು."

"ಏ ಎರ್ರಿ, ರಸ್ತಿ ನಿಮ್ಮಪ್ಪಂದೇನು?"

"ನಮ್ಮಪ್ಪಂದಲ್ರಿ. ನಾಳಿಗೆ ಹಾಕಿದ್ರ ಆಕ್ಕೈತಿ. ಆ ನೆಲ್ಲು ತೆಗಿತಾರ."

"ನಾಳಿ ತನಕ ಬಿಟ್ರ ಮೊಳಕಿ ಒಡಿತೈತಿ. ಹರವಂದ್ರ ಹರವು. ಮಾತಾಡಾಕ ಕೂಲಿ ಕೊಡಂಗಿಲ್ಲ ನಾನು."

ನಾವು ಹರವಿದೆವು. ಬೇಡ ಎನ್ನುವುದಕ್ಕೆ ಹೊಟ್ಟೆ ಬಿಡಬೇಕಲ್ಲ. ಅಂಚಿಗೆ ಕಲ್ಲಿಟ್ಟೆವು. ಅತ್ತೆ ತನ್ನ ಕೆಂಪು ಕುಪ್ಪಸದ ಹಳೆಯ ತುಂಡನ್ನು ಕೋಲಿಗೆ ಕಟ್ಟಿ ತಿರುವಿನ ಆಚೆ ನೆಟ್ಟು ಬಂದಳು. ಅದು ಲಾರಿಗಳ ಗಾಳಿಗೆ ಮಧ್ಯಾಹ್ನದೊಳಗೇ ಬಿದ್ದು ಹೋಯಿತು.

ಬುತ್ತಿ ಬಿಚ್ಚುವ ಹೊತ್ತಿಗೆ ಅನಾಹುತ ಆಯಿತು. ಬಳ್ಳಾರಿ ಕಡೆಯಿಂದ ಒಬ್ಬ ಸ್ಕೂಟರಿನಲ್ಲಿ ಬರುತ್ತಿದ್ದ. ಎದುರಿಗೆ ಲಾರಿ. ಲಾರಿಗೆ ದಾರಿ ಬಿಡಲು ಪಕ್ಕಕ್ಕೆ ಹೊರಳಿದ. ಪಕ್ಕಕ್ಕೆ ನೆಲ್ಲು. ಚಕ್ರ ಕಾಳಿನ ಮೇಲೆ ಜಾರಿತು. ಸ್ಕೂಟರು ನಮ್ಮ ಕಣ್ಣ ಮುಂದೆಯೇ ಅಡ್ಡ ಬಿದ್ದು, ಅವನನ್ನು ಎಳೆದುಕೊಂಡು ಹೋಗಿ ನಾವಿಟ್ಟ ಕಲ್ಲಿಗೆ ಬಡಿಯಿತು.

ಕೈ ತೊಳೆಯದೆ ಓಡಿದೆವು. ಬಲಗಾಲು ಮೊಣಕಾಲಿನ ಕೆಳಗೆ ಮುರಿದಿತ್ತು. ರಕ್ತದಲ್ಲಿ ನೆಲ್ಲು ಅಂಟಿಕೊಂಡಿತ್ತು. ಅತ್ತೆ ತನ್ನ ಸೀರೆಯ ಸೆರಗು ಹರಿದು, ಎರಡು ಬದಿ ಕೋಲಿಟ್ಟು ಕಾಲು ಕಟ್ಟಿದಳು. ಅವನು ನೀರು ಎಂದ. ಅತ್ತೆಯ ಕೈ ಒಂದು ಗಳಿಗೆ ತಡೆಯಿತು. ಹಣೆಯ ಮೇಲೆ ಗೋಪಿಚಂದನ, ಅಂಗಿ ಹರಿದು ಎದೆಯ ಮೇಲೆ ಜನಿವಾರ ಕಾಣುತ್ತಿತ್ತು. ಅವನೇ ಅವಳ ಕೈಯಿಂದ ಬಾಟಲಿ ಕಸಿದುಕೊಂಡು ಗಟಗಟ ಕುಡಿದ. ಹೆಸರು ರಘೋತ್ತಮ ಎಂದ. ಬಳ್ಳಾರಿಯ ಗಾಂಧಿನಗರದಲ್ಲಿ ಮನೆ, ಸಿರುಗುಪ್ಪದಲ್ಲಿ ಗುಮಾಸ್ತನ ಕೆಲಸ. "ಮನೆಗೆ ಫೋನ್ ಮಾಡ್ರಿ, ಅಮ್ಮಗ ಹೇಳಬ್ಯಾಡ್ರಿ, ನಮ್ಮಣ್ಣಗ ಹೇಳ್ರಿ," ಎಂದು ನನ್ನ ಕೈಗೆ ಫೋನ್ ಕೊಟ್ಟ. ಆಂಬುಲೆನ್ಸ್ ಬಂದು ಅವನನ್ನು ಬಳ್ಳಾರಿಗೆ ಒಯ್ದಿತು.

ಆಗಲೇ ರಸ್ತೆಯ ಎರಡೂ ಕಡೆ ಗಾಡಿಗಳು ನಿಂತಿದ್ದವು. ಗಸ್ತಿನ ಜೀಪು ಬಂತು, ಹಿಂದೆಯೇ ಠಾಣೆಯ ಜೀಪು. ಸಬ್ ಇನ್‌ಸ್ಪೆಕ್ಟರ್ ಇಳಿದು, ಬೂಟಿನಿಂದ ನೆಲ್ಲು ಚಿಮ್ಮಿ, ನಾವು ಪ್ರತಿ ಸುಗ್ಗಿಯಲ್ಲೂ ಕೇಳುವ ಪ್ರಶ್ನೆಯನ್ನೇ ಕೇಳಿದ.

"ಯಾರದು ನೆಲ್ಲು?"

ಅಷ್ಟರಲ್ಲಿ ವೀರಭದ್ರಪ್ಪನೇ ಬಂದ. ಬಿಳಿ ಅಂಗಿ, ಕಂಕುಳಲ್ಲಿ ಚರ್ಮದ ಚೀಲ. ನನಗೆ ಜೀವ ಬಂದ ಹಾಗಾಯಿತು. ಎಷ್ಟೆಂದರೂ ದೊಡ್ಡ ಮನುಷ್ಯ, ಪೊಲೀಸರ ಹತ್ತಿರ ಮಾತಾಡುತ್ತಾನೆ ಎಂದುಕೊಂಡೆ.

ಮಾತಾಡಿದ. "ನಂದಲ್ರಿ ಸರ್. ಈ ಹೆಣ್ಮಕ್ಕಳದು. ಅಲ್ಲಿ ಇಲ್ಲಿ ಬಿದ್ದದ್ದು ಆರಿಸ್ಕೊಂತಾರ, ಕೂಲಿಗೆ ನೆಲ್ಲು ಇಸ್ಕೊಂತಾರ. ರಸ್ತಿ ಮ್ಯಾಲ ಹಾಕಬ್ಯಾಡ್ರಿ ಅಂತ ನಾನಽ ಎಷ್ಟು ಸಲ ಹೇಳೀನಿ."

ಒಂದು ಟ್ರ್ಯಾಕ್ಟರ್ ತುಂಬಾ ನೆಲ್ಲು. ಆರಿಸಿಕೊಂಡದ್ದಂತೆ! ಸಬ್ ಇನ್‌ಸ್ಪೆಕ್ಟರ್ ನೆಲ್ಲನ್ನೂ ನೋಡಿದ, ನಮ್ಮ ಹರಿದ ಸೀರೆಗಳನ್ನೂ ನೋಡಿದ. ಅವನಿಗೇನು ಕಣ್ಣಿರಲಿಲ್ಲವೇ? ಇತ್ತು. ಆದರೆ ಗಸ್ತಿನ ಜೀಪಿನವನು ಮುಂದೆ ಬಂದು ಸಾಕ್ಷಿ ಹೇಳಿದ. "ಹೌದು ಸರ್. ಹೋದ ವಾರ ನಾನು ಕೇಳಿದಾಗ ಈ ಮುದುಕಿನೇ ನಮ್ದು ಅಂತ ಹೇಳಿದ್ಲು. ಕೈ ಮುಗಿದು ಹೇಳಿದ್ಲು."

ಅದು ಸುಳ್ಳಲ್ಲ. ಹೇಳಿದ್ದಳು. ಇಷ್ಟು ವರ್ಷ ಸಾಹುಕಾರರ ದಂಡ ತಪ್ಪಿಸಲು ಹೇಳಿದ ಮಾತು ನಮ್ಮ ಕೊರಳಿಗೇ ಬಂದು ಸುತ್ತಿಕೊಂಡಿತು.

"ಏ ಮುದುಕಿ, ಕೂತ್ಕೋ ಅಲ್ಲಿ," ಎಂದು ಸಬ್ ಇನ್‌ಸ್ಪೆಕ್ಟರ್ ಲಾಠಿಯಿಂದ ಡಾಂಬರು ತೋರಿಸಿದ. ಅತ್ತೆ ಬಿಸಿಲಲ್ಲಿ, ನೆಲ್ಲಿನ ಪಕ್ಕ, ಕುಕ್ಕರುಗಾಲಲ್ಲಿ ಕೂತಳು. ನಿಂತ ಬಸ್ಸುಗಳಿಂದ ಜನ ಇಳಿದು ನೋಡುತ್ತಿದ್ದರು. ಕೆಲವರು ಫೋನು ಎತ್ತಿ ಅವಳ ವಿಡಿಯೋ ಮಾಡಿದರು. ಹರಿದ ಸೆರಗಿನಿಂದ ಎದೆ ಮುಚ್ಚಿಕೊಳ್ಳಲು ಅವಳು ಒದ್ದಾಡುತ್ತಿದ್ದಳು. ಇಂಥವರಿಂದಲೇ ಜನ ಸಾಯುತ್ತಾರೆ ಎಂದು ಒಬ್ಬ ಬೈದ. ನಾನು ನನ್ನ ಸೆರಗು ಬಿಚ್ಚಿ ಹೊದಿಸಲು ಹೋದರೆ ಕಾನ್‌ಸ್ಟೇಬಲ್ ದೂಡಿದ.

ವೀರಭದ್ರಪ್ಪ ಬಗ್ಗಿ ಅತ್ತೆಯ ಕಿವಿಯ ಹತ್ತಿರ ಬಂದ. ನಾನು ಪಕ್ಕದಲ್ಲೇ ಇದ್ದೆ, ಕೇಳಿಸಿತು.

"ಒಪ್ಕೊಂಡು ಜೀಪು ಹತ್ತು. ಎರಡು ದಿನ ಅಷ್ಟಽ. ನಾನು ಬಿಡಿಸ್ಕೊಂಡು ಬರ್ತೀನಿ. ನನ್ನ ಹೆಸರು ಬಂದ್ರ ಮರ್ಯಾದಿ ಹೊಕ್ಕೈತಿ. ನಿಂದೇನೈತಿ ಹೋಗಾಕ?"

ಅತ್ತೆ ತಲೆ ಎತ್ತಿ ಅವನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ದಣಿವು ಇತ್ತು. ಮುತ್ತಜ್ಜಿಯ ಕಾಲದಿಂದ ಕೂಡಿಕೊಂಡು ಬಂದ ದಣಿವು, ಕೂತರೆ ಹೋಗುವಂಥದ್ದಲ್ಲ.

ಆಚೆ ಸಬ್ ಇನ್‌ಸ್ಪೆಕ್ಟರ್ ಕೂಗಿದ. "ಮೊದಲು ರಸ್ತೆ ಖಾಲಿ ಮಾಡಿಸ್ರಿ. ನೆಲ್ಲು ಯಾರದೋ ಅವರು ಈಗಿಂದೀಗ ತುಂಬ್ಕೊಂಡು ಹೋಗ್ಲಿ."

ಅತ್ತೆ ಮಂಡಿಗೆ ಕೈ ಊರಿ ಎದ್ದಳು. ಕೂತ್ಕೋ ಎಂದು ಕಾನ್‌ಸ್ಟೇಬಲ್ ಗದರಿದ. ಅವಳು ಕೂರಲಿಲ್ಲ.

"ಸಾವ್ಕಾರ್ರ, ಕಿವ್ಯಾಗ ಹೇಳಬ್ಯಾಡ್ರಿ. ಎಲ್ಲಾರ ಮುಂದ ಇನ್ನೊಮ್ಮಿ ಹೇಳ್ರಿ. ಈ ನೆಲ್ಲು ನಿಮ್ದೇನ್ರಿ?"

ವೀರಭದ್ರಪ್ಪ ಸುತ್ತ ನೋಡಿದ. ಪೊಲೀಸರು, ಬಸ್ಸಿನ ಜನ, ಎತ್ತಿ ಹಿಡಿದ ಫೋನುಗಳು.

"ಹೇಳೀನಲ್ಲ. ನಂದಲ್ಲ."

"ಬರ್ಕೊಳ್ರಿ ಸಾಹೇಬ್ರ," ಎಂದಳು ಅತ್ತೆ. "ನೆಲ್ಲು ನಂದಽ. ರಸ್ತಿ ಮ್ಯಾಲ ಹರವಿದ್ದೂ ನಾನಽ. ಆ ಹುಡುಗನ ಕಾಲು ಮುರಿದಿದ್ದಕ್ಕ ಏನು ಶಿಕ್ಷೆ ಐತೋ ಕೊಡ್ರಿ, ಉಣ್ತೀನಿ." ನನ್ನ ಕಡೆ ತಿರುಗಿದಳು. "ಲೇ ಸರೋಜಾ, ಹೋಗು. ಕೇರಿಗೆ ಹೋಗಿ ಚೀಲ ತೊಗೊಂಡು ಬಾ. ಎಲ್ಲಾರ್ನೂ ಕರಿ. ನಮ್ಮ ನೆಲ್ಲು ನಾವು ತುಂಬೋಣು."

ಒಂದು ಗಳಿಗೆ ನನಗೆ ತಿಳಿಯಲಿಲ್ಲ. ಹುಲುಗಮ್ಮನಿಗೆ ನನಗಿಂತ ಮೊದಲೇ ತಿಳಿಯಿತು. ಅವಳು ಹೋ ಎಂದು ಕೂಗಿ ಓಡಿದಳು, ನಾನೂ ಓಡಿದೆ. ಗೊಬ್ಬರದ ಚೀಲ ನಮ್ಮ ಕೇರಿಯಲ್ಲಿ ಎಲ್ಲಿಲ್ಲ? ಹಾಸಿಕೊಳ್ಳುವುದು ಅದೇ, ಸೋರುವ ಮಾಡಿಗೆ ಹೊದಿಸುವುದು ಅದೇ. ಉಚ್ಚಂಗೆಮ್ಮ ಬಚ್ಚಲಿಗೆ ಮರೆ ಕಟ್ಟಿದ್ದ ಚೀಲವನ್ನೂ ಬಿಚ್ಚಿಕೊಂಡು ಬಂದಳು. ಇಡೀ ಕೇರಿ ರಸ್ತೆಗೆ ಬಂತು.

ತುಂಬಲು ಶುರು ಮಾಡಿದೆವು. ಮೊರದಲ್ಲಿ, ಪುಟ್ಟಿಯಲ್ಲಿ, ಬರಿಗೈಯಲ್ಲಿ. ರಕ್ತ ಹತ್ತಿದ ನೆಲ್ಲನ್ನು ಮಾತ್ರ ಅತ್ತೆ ಮುಟ್ಟಗೊಡಲಿಲ್ಲ. ಅದನ್ನು ಬೇರೆ ಮಾಡಿ ರಸ್ತೆಯ ಬದಿಗೆ ಮಣ್ಣು ಎಳೆದು ಮುಚ್ಚಿದಳು.

"ಏ! ಏ! ಏನ್ ಮಾಡಾಕತ್ತೀರಿ?" ವೀರಭದ್ರಪ್ಪನ ದನಿ ಒಡೆಯಿತು.

"ನಮ್ದು ನಾವು ತುಂಬಾಕತ್ತೀವ್ರಿ," ಎಂದಳು ಹುಲುಗಮ್ಮ. "ನಿಮ್ದಲ್ಲಂದ್ರಲ್ಲ. ಮತ್ತ್ಯಾಕ ಹೊಟ್ಟಿ ಉರ್ಕೊಂತೀರಿ?"

ಅವನು ಸಬ್ ಇನ್‌ಸ್ಪೆಕ್ಟರ್ ಕಡೆ ಓಡಿದ. "ಸರ್, ಸರ್, ಇದು..." ಎಂದ. ಮುಂದೆ ಏನು ಹೇಳುತ್ತಾನೆ? ನಂದು ಎಂದರೆ ಜೀಪು ಹತ್ತಬೇಕು. ಸಬ್ ಇನ್‌ಸ್ಪೆಕ್ಟರ್ ಸಾವಧಾನವಾಗಿ ಕೇಳಿದ. "ಇದು? ಏನು ಹೇಳ್ರಿ. ನಿಮ್ಮದಾ? ನಿಮ್ಮದಾದ್ರೆ ಹೆಸರು ಬದಲಾಯಿಸ್ತೀನಿ." ಆ ಮನುಷ್ಯ ನಮ್ಮ ಪರವಾಗಿ ಕೇಳಿದನೋ, ಆಟ ನೋಡಲು ಕೇಳಿದನೋ ನನಗೆ ಇವತ್ತಿಗೂ ಗೊತ್ತಿಲ್ಲ. ವೀರಭದ್ರಪ್ಪ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ. ಒರೆಸಿಕೊಳ್ಳುತ್ತಲೇ ಇದ್ದ. ಚೀಲಗಳು ಒಂದೊಂದಾಗಿ ನಮ್ಮ ತಲೆ ಏರಿ ಕೇರಿಗೆ ಹೋದವು.

ಕೊನೆಯ ಚೀಲದ ಬಾಯಿ ಕಟ್ಟಿದ ಮೇಲೆ ಅತ್ತೆ ಪೊರಕೆ ತೆಗೆದುಕೊಂಡು ರಸ್ತೆ ಗುಡಿಸಿದಳು. ಕಲ್ಲುಗಳನ್ನು ಬದಿಗೆ ಉರುಳಿಸಿದಳು. ಆಮೇಲೆ ತಾನೇ ಹೋಗಿ ಜೀಪು ಹತ್ತಿದಳು.

ಇದು ಕಳವಲ್ಲವೇ ಎಂದು ಕೇಳುವವರಿದ್ದಾರೆ. ಕೇಳಲಿ. ಪಟ್ಟಾ ಇಲ್ಲದ ನಮ್ಮ ಮನೆಗಳ ಮೇಲೆ ಜೆಸಿಬಿ ಹತ್ತಿಸಿದಾಗ ಅವರು ಯಾರೂ ಕೇಳಲಿಲ್ಲ.

ಸುಖದ ಕತೆ ಅಂದುಕೊಳ್ಳಬೇಡಿ. ಅತ್ತೆಯನ್ನು ಸಂಜೆಯವರೆಗೆ ಠಾಣೆಯಲ್ಲಿ ಕೂಡಿಸಿ ಕಳಿಸಿದರು. ಮರುದಿನ ಮತ್ತೆ ಕರೆದರು, ಮತ್ತೆ ಕೂಡಿಸಿದರು. ಕೇಸು ಈಗಲೂ ಇದೆ. ಪ್ರತಿ ಸಲ ಬಸ್ಸು ಹತ್ತಿ, ಇದೇ ರಸ್ತೆಯಲ್ಲಿ, ಕೋರ್ಟಿಗೆ ಹೋಗಿ ಹೊರಗೆ ಕೂತು ಬರುತ್ತಾಳೆ. ರಘೋತ್ತಮ ಊರುಗೋಲಿನಲ್ಲಿ ಠಾಣೆಗೆ ಬಂದು ಹೇಳಿಕೆ ಕೊಟ್ಟ. "ನೆಲ್ಲು ಯಾರದಂತ ನನಗ ಗೊತ್ತಿಲ್ಲ. ನನ್ನ ಕಾಲು ಕಟ್ಟಿದವರು, ನೀರು ಕೊಟ್ಟವರು ಈಕಿ. ಅದು ಗೊತ್ತು," ಎಂದನಂತೆ. ಒಳ್ಳೆಯವನು. ಆದರೆ ಒಳ್ಳೆಯವನ ಮಾತಿನಿಂದ ಕೇಸು ಮುಗಿಯುವುದಿಲ್ಲ. ಅವನ ಕಾಲೂ ಮೊದಲಿನ ಹಾಗೆ ಆಗುವುದಿಲ್ಲ. ಅದನ್ನು ನೆನೆದಾಗಲೆಲ್ಲ ಅತ್ತೆ ನಿಟ್ಟುಸಿರು ಬಿಡುತ್ತಾಳೆ.

ವೀರಭದ್ರಪ್ಪ ನಮ್ಮ ಕೇರಿಗೆ ಕೂಲಿ ನಿಲ್ಲಿಸಿದ. ಬೇರೆ ಸಾಹುಕಾರರಿಗೂ ಹೇಳಿ ನಿಲ್ಲಿಸಿದ. ಆ ನೆಲ್ಲು ಇಲ್ಲದಿದ್ದರೆ ನಾವು ಸತ್ತೇ ಹೋಗುತ್ತಿದ್ದೆವು. ಮನೆಗಿಷ್ಟು ಎಂದು ಹಂಚಿಕೊಂಡು ಉಂಡೆವು. ಮೊದಲ ದಿನ ಅತ್ತೆಗೆ ಬಡಿಸಿ ಎದುರಿಗೆ ಕೂತೆ. ಅವಳು ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದಳು.

"ಹೆಂಗೈತಿ ಅತ್ತಿ?"

"ಬಾಳ ಸಣ್ಣಕ್ಕಿ. ಹೊಟ್ಯಾಗ ನಿಲ್ಲಂಗಿಲ್ಲ," ಎಂದಳು. ಆಮೇಲೆ ತಟ್ಟೆ ಮುಂದೆ ತಳ್ಳಿದಳು. "ಇನ್ನೊಂಚೂರು ಹಾಕು."

ಬೇಸಿಗೆಯ ಬೆಳೆ ಬಂತು. ವೀರಭದ್ರಪ್ಪ ಆಂಧ್ರದ ಕಡೆಯಿಂದ ಕೂಲಿಯವರನ್ನು ಕರೆಸಿದ್ದ. ಏಪ್ರಿಲ್ ತಿಂಗಳ ಡಾಂಬರಿನ ಮೇಲೆ ಬರಿಗಾಲಲ್ಲಿ ನಿಲ್ಲಲಾರದೆ ಅವರು ಹೇಳದೆ ಕೇಳದೆ ಊರಿಗೆ ಹೋದರು. ಮೋಡ ಕಟ್ಟಿತ್ತು. ಹಸಿ ನೆಲ್ಲು ಟ್ರ್ಯಾಕ್ಟರಿನಲ್ಲಿ ಬೇಯುತ್ತಿತ್ತು. ಅವನು ಕೇರಿಯ ಬಾಯಿಗೆ ಬಂದು, ಬೈಕು ಇಳಿಯದೆ, ಎರ್ರಮ್ಮ ಎಂದು ಕರೆದ. ಎರ್ರಿ ಎನ್ನಲಿಲ್ಲ. ನಾವು ಹೋದೆವು. ಹಂಚಿಕೊಂಡ ನೆಲ್ಲು ಮುಗಿದಿತ್ತು, ಹೋಗದೆ ಏನು ಮಾಡುವುದು? ಆದರೆ ನೆಟ್ಟನೆಯ ಜಾಗದಲ್ಲಿ ಮಾತ್ರ ಎಂದೆವು. ಚಪ್ಪಲಿ ಹಾಕಿಕೊಂಡೇ ಕಾಲಾಡಿಸುತ್ತೇವೆ ಎಂದೆವು. ಹೂಂ ಎಂದ.

ಮಧ್ಯಾಹ್ನ ಗಸ್ತಿನ ಜೀಪು ಬಂತು. ಗಾಜು ಇಳಿಯಿತು. ಅವತ್ತು ಸಾಕ್ಷಿ ಹೇಳಿದ ಅದೇ ಮನುಷ್ಯ.

"ಯಾರದಮ್ಮಾ ನೆಲ್ಲು?"

ವೀರಭದ್ರಪ್ಪ ಬೇಲಿಜಾಲಿಯ ನೆರಳಿನಲ್ಲಿ ನಿಂತಿದ್ದ. ನಮ್ಮ ಕಡೆ ನೋಡಿದ. ಕೈ ಮುಗಿಯುವುದನ್ನೇ ಕಾಯುತ್ತಿದ್ದ.

ಅತ್ತೆ ಕಾಲಾಡಿಸುವುದನ್ನು ನಿಲ್ಲಿಸಲಿಲ್ಲ. "ಅಲ್ಲೇ ನಿಂತಾರಲ್ರಿ ಸಾಹೇಬ್ರ, ಅವ್ರನ್ನ ಕೇಳ್ರಿ," ಎಂದಳು. "ಅವ್ರು ನಂದಲ್ಲ ಅಂದ್ರ ಹೇಳ್ರಿ. ನಾವು ಚೀಲ ತಂದೀವಿ."

ಆಗ ಸಾಹುಕಾರ ನಮ್ಮ ಸೊಂಟ ನೋಡಿದ. ಪ್ರತಿಯೊಬ್ಬಳ ಸೊಂಟದಲ್ಲೂ ಮಡಿಚಿ ಸಿಕ್ಕಿಸಿದ ಖಾಲಿ ಗೊಬ್ಬರದ ಚೀಲ ಇತ್ತು.

ವೀರಭದ್ರಪ್ಪ ನೆರಳಿನಿಂದ ಬಿಸಿಲಿಗೆ ಬಂದ. ಕರವಸ್ತ್ರ ತೆಗೆದ. ಜೀಪಿನ ಕಿಟಕಿಗೆ ಬಗ್ಗಿ, "ನಂದಽ ರೀ," ಎಂದ.

ನೆಲ್ಲು ಇನ್ನೂ ಹಸಿ ಇತ್ತು, ಸಂಜೆಯೊಳಗೆ ಒಣಗಬೇಕಿತ್ತು. ಕಾಲಾಡಿಸುತ್ತಾ ಮುಂದೆ ಹೋದೆವು.